ನಾಲ್ಕು ವರ್ಷದ ಮಗಳ ಹುಟ್ಟುಹಬ್ಬಕ್ಕೆ ಅಪ್ಪನೇ ಜಾದೂ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಒಂದು ಹಳ್ಳಿ. ಜುಲೈ ಕೊನೆಗೆ ಮಗಳಿಗೆ ನಾಲ್ಕು ತುಂಬುತ್ತದೆ. ಮನೆಯಲ್ಲೇ ಹುಟ್ಟುಹಬ್ಬ. ಎರಡು ವರ್ಷದವರಿಂದ ಹತ್ತು ವರ್ಷದವರ ತನಕ ಸುಮಾರು ಇಪ್ಪತ್ತೈದು ಮಕ್ಕಳು ಬರುತ್ತಾರೆ. ಕಾಲೇಜಿನಲ್ಲಿದ್ದಾಗ ನಾನು ಇಸ್ಪೀಟಿನ ಜಾದೂ ಮಾಡುತ್ತಿದ್ದೆ. ಈಗ ಯೂಟ್ಯೂಬ್ ನೋಡಿ ಇನ್ನೊಂದಿಷ್ಟು ಕಲಿತಿದ್ದೇನೆ. ನಾನೇ ಶೋ ಮಾಡೋಣ ಅಂತ ಆಸೆ. ಆದರೆ ಕಳೆದ ವರ್ಷ ನೆಂಟರ ಮನೆಯ ಹುಟ್ಟುಹಬ್ಬದಲ್ಲಿ ಜಾದೂಗಾರ ಕೈಯಿಂದ ಬೆಂಕಿ ಹಾರಿಸಿ, ಡಬ್ಬಿಯಿಂದ ರಬ್ಬರ್ ಹಾವು ಚಿಮ್ಮಿಸಿದ. ಮಗಳು ಕಿರುಚಿ ಅತ್ತವಳು ಊಟದ ತನಕ ಸುಧಾರಿಸಲಿಲ್ಲ. ಭಾವ ಹೇಳುತ್ತಾರೆ, ಮೊಲ ಪಾರಿವಾಳ ಇಲ್ಲದೆ ಮಕ್ಕಳಿಗೆ ಮಜಾ ಬರೋದಿಲ್ಲ ಅಂತ. ಅಮ್ಮ, ‘ಹುಟ್ಟಿದ ದಿನ ಯಕ್ಷಿಣಿ ಗಿಕ್ಷಿಣಿ ಬೇಡ’ ಅನ್ನುತ್ತಾರೆ. ಏನು ಮಾಡಲಿ? ಯಾವ ಆಟ, ಎಷ್ಟು ಹೊತ್ತು? ಅಥವಾ ಗೊತ್ತಿರುವವರನ್ನೇ ಕರೆಸಲಾ? ಮಗಳು ಆಮೇಲೆ ಗುಟ್ಟು ಕೇಳಿದರೆ ಹೇಳಬೇಕಾ?

ಉತ್ತರ: ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ಒಳಗಿನ ಅಳುಕು ಒಂದೇ. ನಾನು ಮಾಡಲು ಹೋಗಿ ಮಗಳ ದಿನ ಕೆಟ್ಟರೆ? ಮಕ್ಕಳು ಅತ್ತರೆ, ಇಲ್ಲವೇ ‘ಅಯ್ಯೋ, ಕೈಯಲ್ಲೇ ಇದೆ ನೋಡು’ ಅಂತ ಕೂಗಿಬಿಟ್ಟರೆ?

ನೀವೇ ಮಾಡಬಹುದು. ಚೆನ್ನಾಗಿಯೂ ಆಗುತ್ತದೆ. ಆದರೆ ಆ ಇಸ್ಪೀಟು ಕಟ್ಟನ್ನು ಬೀರುವಿನಲ್ಲೇ ಬಿಡಿ. ಮಳೆಗಾಲದಲ್ಲಿ ಹೇಗೂ ಅದು ತಂಡಿ ಹಿಡಿದು, ಎಲೆಗೆ ಎಲೆ ಅಂಟಿಕೊಂಡು ಕೂತಿರುತ್ತದೆ. ಬೇಡ ಅನ್ನುವುದಕ್ಕೆ ಕಾರಣ ಬೇರೆ ಇದೆ.

ಬೆರಗು ಹುಟ್ಟಬೇಕಾದರೆ ‘ಇದು ಆಗಲು ಸಾಧ್ಯವೇ ಇಲ್ಲ’ ಅನ್ನುವುದು ಮೊದಲೇ ಗೊತ್ತಿರಬೇಕು. ನಾಲ್ಕು ವರ್ಷದ ಮಗುವಿಗೆ ಆ ಪಟ್ಟಿ ಇನ್ನೂ ತಯಾರಾಗಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಬೆಂಗಳೂರಿನಲ್ಲಿರುವ ಅತ್ತೆ ಫೋನಿನೊಳಗೆ ಬಂದು ‘ಊಟ ಆಯ್ತಾ ಪುಟ್ಟಿ’ ಅನ್ನುತ್ತಾಳೆ. ಹೀಗಿರುವಾಗ ಕಟ್ಟಿನ ನಡುವೆ ಇಟ್ಟ ಎಲೆ ಮೇಲೆ ಬಂದರೆ ಏನು ಮಹಾ? ಜೊತೆಗೆ ‘ನಿನ್ನ ಎಲೆ ನೆನಪಿಟ್ಟುಕೋ’ ಅಂದರೆ ಅವಳು ನೆನಪಿಟ್ಟುಕೊಳ್ಳುವುದೂ ಇಲ್ಲ. ಕೊನೆಗೆ ನೀವು ಡೈಮಂಡ್ ರಾಣಿ ಎತ್ತಿ ತೋರಿಸುತ್ತೀರಿ. ಅವಳು ಬಲೂನು ನೋಡುತ್ತಿರುತ್ತಾಳೆ.

ಚಿಕ್ಕ ಮಕ್ಕಳನ್ನು ಯಾಮಾರಿಸೋದು ಸುಲಭ ಅಂತ ದೊಡ್ಡವರು ತಿಳಿದಿರುತ್ತಾರೆ. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದು. ನಾನು ಎಡಗೈ ನೋಡಿದರೆ ದೊಡ್ಡವರ ಕಣ್ಣೂ ಎಡಗೈಗೆ ಹೋಗುತ್ತದೆ. ಅದು ಸಭ್ಯತೆ, ಅಭ್ಯಾಸ. ಅಷ್ಟರಲ್ಲಿ ಬಲಗೈ ತನ್ನ ಕೆಲಸ ಮುಗಿಸುತ್ತದೆ. ಮಗುವಿಗೆ ಈ ಸಭ್ಯತೆಯ ಹಂಗಿಲ್ಲ. ಕರ್ಚೀಫು ಕಿಸೆಗೆ ಹೋಯಿತಾ, ಅದು ಕಿಸೆಯನ್ನೇ ನೋಡುತ್ತಾ ಕೂರುತ್ತದೆ. ಮೇಲಾಗಿ ಮಕ್ಕಳು ನೆಲದ ಮೇಲೆ ಕೂತಿರುತ್ತಾರೆ. ನಿಮ್ಮ ಅಂಗೈಯನ್ನೂ ಮೇಜಿನ ಅಡಿಯನ್ನೂ ಕೆಳಗಿನಿಂದ ನೋಡುತ್ತಾರೆ. ವಿಡಿಯೊದಲ್ಲಿ ಕಲಿತ ಆಟಗಳೆಲ್ಲ ಎದುರಿನ ಒಂದೇ ಕ್ಯಾಮೆರಾಕ್ಕೆ ಸರಿಹೋಗುವಂಥವು. ಆ ಕ್ಯಾಮೆರಾ ನಿಮ್ಮ ಎದೆಮಟ್ಟದಲ್ಲಿತ್ತು. ಈ ಇಪ್ಪತ್ತೈದು ಜೊತೆ ಕಣ್ಣು ನಿಮ್ಮ ಮಂಡಿಮಟ್ಟದಲ್ಲಿರುತ್ತವೆ.

ಹಾಗಾದರೆ ಈ ವಯಸ್ಸಿಗೆ ಏನು ನಡೆಯುತ್ತದೆ? 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಸಣ್ಣ ಕತೆ ಹೇಳಿ ಪರೀಕ್ಷೆ ಮಾಡಿದರು. ಒಬ್ಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕಲೇಟು ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತನಗೆ ಗೊತ್ತಿದ್ದು ಅವನಿಗೂ ಗೊತ್ತು ಅನ್ನುವ ಲೆಕ್ಕ. ‘ಪಾಪ, ಅವನಿಗೆ ಗೊತ್ತಿಲ್ಲ, ಮೊದಲಿನ ಕಪಾಟಿನಲ್ಲೇ ಹುಡುಕ್ತಾನೆ’ ಅನ್ನುವ ಬುದ್ಧಿ ನಾಲ್ಕು, ಐದರ ಹೊತ್ತಿಗೆ ಮೂಡುತ್ತದೆ. ನಿಮ್ಮ ಮಗಳು ಸರಿಯಾಗಿ ಅದರ ಹೊಸ್ತಿಲಲ್ಲಿದ್ದಾಳೆ. ಬೇಕಾದರೆ ಇವತ್ತೇ ಎರಡು ಡಬ್ಬಿ, ಒಂದು ಬಿಸ್ಕತ್ತು ಇಟ್ಟುಕೊಂಡು ಕೇಳಿ ನೋಡಿ.

ನಮಗೆ ಇದರಿಂದ ಏನು ಸಿಕ್ಕಿತು? ‘ನನಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ!’ ಈ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಖುಷಿ ಇಲ್ಲ. ಆದ್ದರಿಂದ ನೀವು ಜಾಣ ಜಾದೂಗಾರ ಆಗಬೇಡಿ. ಪೆದ್ದ ಜಾದೂಗಾರ ಆಗಿ.

ಒಂದು ಕೆಂಪು ಕರ್ಚೀಫು ತೋರಿಸಿ. ‘ಇದನ್ನು ಈಗ ಮಾಯ ಮಾಡುತ್ತೇನೆ’ ಅನ್ನಿ. ಬೆನ್ನ ಹಿಂದೆ ಕೈ ಒಯ್ದು, ಅಂಗಿಗೆ ಮೊದಲೇ ಸಿಕ್ಕಿಸಿಟ್ಟ ಬಟ್ಟೆ ಕ್ಲಿಪ್ಪಿಗೆ ಅದನ್ನು ಕೊಡಿ. ಬರಿಗೈ ಮುಂದೆ ತನ್ನಿ. ‘ಮಾಯ!’ ಚಪ್ಪಾಳೆಗಾಗಿ ಬಗ್ಗಿ ನಮಸ್ಕಾರ ಮಾಡಿ, ಮೇಜಿನಿಂದ ಏನೋ ತೆಗೆಯುವವರ ಹಾಗೆ ತಿರುಗಿ. ಬೆನ್ನಲ್ಲಿ ಬಾಲದ ಹಾಗೆ ಕರ್ಚೀಫು ನೇತಾಡುತ್ತಿರುತ್ತದೆ. ‘ಹಿಂದೆ! ಹಿಂದೆ!’ ಅಂತ ಕೂಗು ಏಳುತ್ತದೆ. ನೀವು ಗಾಬರಿಯಿಂದ ಬಾಗಿಲ ಕಡೆ ನೋಡಿ. ‘ಯಾರು ಬಂದ್ರು? ಮಾವನಾ?’ ಅನ್ನಿ. ಕೂಗು ಜಾಸ್ತಿಯಾಗುತ್ತದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಬಾಲವೂ ತಿರುಗುತ್ತದೆ. ಎಲ್ಲ ಸೇರಿ ಒಂದು ನಿಮಿಷದ ಆಟ, ಕೈಚಳಕ ಸೊನ್ನೆ. ಆದರೆ ಇಡೀ ಸಂಜೆಯ ದೊಡ್ಡ ನಗು ಇದಕ್ಕೇ ಬರುತ್ತದೆ. ಎರಡು ವರ್ಷದವರಿಗೆ ಅರ್ಥವಾಗದಿದ್ದರೂ ಉಳಿದವರು ನಗುವುದನ್ನು ನೋಡಿ ನಗುತ್ತಾರೆ. ‘ನನ್ನ ಗುಟ್ಟು ಬಯಲಾದರೆ?’ ಅನ್ನುವ ನಿಮ್ಮ ಹೆದರಿಕೆಗೂ ಇದೇ ಮದ್ದು. ಬಯಲಾಗುವುದೇ ಆಟವಾದರೆ ಹೆದರುವುದಕ್ಕೆ ಏನಿದೆ?

ಇದರ ಮುಂದಿನ ಹೆಜ್ಜೆ, ಜಾದೂ ದಂಡವನ್ನು ಮಗಳ ಕೈಗೆ ಕೊಡುವುದು. ನೀವು ಮಂತ್ರ ಹಾಕಿದರೆ ಏನೂ ಆಗುವುದಿಲ್ಲ, ಅವಳು ಹಾಕಿದರೆ ಆಗುತ್ತದೆ. ಜಾದೂಗಾರ್ತಿ ಅವಳು, ನೀವು ಎಡವಟ್ಟು ಸಹಾಯಕ. ಇದರಲ್ಲಿ ಇನ್ನೊಂದು ಲಾಭ ಇದೆ. ತನ್ನ ಹುಟ್ಟುಹಬ್ಬದ ದಿನ ಅಪ್ಪ ಬೇರೆ ಮಕ್ಕಳನ್ನು ನಗಿಸುತ್ತಾ ನಿಂತರೆ ಮಗು ಬಂದು ಕಾಲು ತಬ್ಬಿಕೊಳ್ಳುತ್ತದೆ, ಇಲ್ಲವೇ ಮುನಿಸಿಕೊಳ್ಳುತ್ತದೆ. ಅಪ್ಪ ಅಮ್ಮ ತಾವೇ ಶೋ ಮಾಡುವ ಕಡೆ ಇದು ನಡೆದೇ ನಡೆಯುತ್ತದೆ. ಅವಳಿಗೊಂದು ಕೆಲಸ ಇದ್ದರೆ ಆ ತಾಪತ್ರಯ ಇಲ್ಲ. ಆದರೆ ಅಷ್ಟು ಜನರನ್ನು ನೋಡಿ ಅವಳು ಅಮ್ಮನ ಸೆರಗಿನ ಹಿಂದೆ ಅಡಗಿದರೆ ‘ಬಾ ಬಾ’ ಅಂತ ಎಳೆಯಬೇಡಿ. ಕೂತಲ್ಲಿಂದಲೇ ದಂಡ ಆಡಿಸಿದರೆ ಸಾಕು. ಅಬ್ರಕಡಬ್ರ ಯಾಕೆ, ಮಂತ್ರವನ್ನೂ ಮಕ್ಕಳೇ ಹೇಳಲಿ. ‘ಹಲಸಿನಹಣ್ಣಿನ ಕಡುಬು’ ಅಂದರೂ ನಡೆಯುತ್ತದೆ.

ಇನ್ನು ಅಳುವಿನ ವಿಷಯ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಮಕ್ಕಳು ಅಳುವುದನ್ನು ನೋಡಿರುತ್ತೀರಿ. ಗುರುತಿಲ್ಲದ ಮುಖ, ದೊಡ್ಡ ಸದ್ದು, ತೀರಾ ಹತ್ತಿರ. ಈ ಮೂರೂ ಒಟ್ಟಿಗೆ ಬಂದರೆ ಮಗು ಹೆದರುತ್ತದೆ. ಕಳೆದ ವರ್ಷ ನಿಮ್ಮ ಮಗಳಿಗೆ ಆಗಿದ್ದೂ ಇದೇ. ಅದನ್ನು ಪುಕ್ಕಲುತನ ಅನ್ನಬೇಡಿ. ಮೂರು ವರ್ಷಕ್ಕೆ ಅದು ಸಹಜ. ಈ ಸಲ ಅಪ್ಪನ ಮುಖವೇ ಇರುವುದರಿಂದ ಅರ್ಧ ಭಯ ಹೋಯಿತು. ಮೀಸೆ, ಮುಖವಾಡ, ಬಣ್ಣ ಹಚ್ಚಿ ಅದನ್ನು ವಾಪಸ್ ತರಬೇಡಿ. ಟೊಪ್ಪಿ ಹಾಕುವುದಾದರೆ ಮಕ್ಕಳ ಎದುರಿಗೇ ಹಾಕಿಕೊಳ್ಳಿ. ಚಿಮ್ಮುವ ಹಾವು, ಒಡೆಯುವ ಬಲೂನು ಬೇಡ. ಹಿಂದಿನ ದಿನ ಮಗಳಿಗೆ ಒಂದೆರಡು ಸಾಮಾನು ಮುಟ್ಟಲು ಕೊಡಿ.

ಬೆಂಕಿಯ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಆ ಜಾದೂಗಾರ ಹಾರಿಸಿದ್ದು ಬಹುಶಃ ಫ್ಲ್ಯಾಶ್ ಪೇಪರ್. ಅದು ನೈಟ್ರೋಸೆಲ್ಯುಲೋಸ್ ಎಂಬ ರಾಸಾಯನಿಕದ ಕಾಗದ. ಕಿಡಿ ತಾಗಿದ ಕೂಡಲೇ ಬೂದಿಯೂ ಉಳಿಯದ ಹಾಗೆ ಭಗ್ಗನೆ ಉರಿಯುತ್ತದೆ. ದೊಡ್ಡ ವೇದಿಕೆಗೆ ಸರಿ. ಮಕ್ಕಳು ಮೂರಡಿ ದೂರದಲ್ಲಿ ಕೂತ ಜಗುಲಿಗೆ ಅಲ್ಲ. ಜಾದೂಗಾರನ ಬೆಂಕಿಯಷ್ಟೇ ಅಪಾಯದ ಇನ್ನೆರಡು ಸಾಮಾನು ಹುಟ್ಟುಹಬ್ಬದ ಮನೆಯಲ್ಲಿ ಆಗಲೇ ಇರುತ್ತವೆ. ಒಂದು ನೊರೆ ಸ್ಪ್ರೇ. ‘ಸ್ನೋ’ ಅಂತ ಮಾರುವ ಈ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಉರಿಯುವ ಅನಿಲ ತುಂಬಿರುತ್ತದೆ. ಉರಿಯುವ ಕ್ಯಾಂಡಲ್ ಮುಂದೆ ಅದನ್ನು ಹೊಡೆದರೆ ಬೆಂಕಿಯ ನಾಲಗೆ ನೇರ ಮಗುವಿನ ಮುಖಕ್ಕೆ ಬರುತ್ತದೆ. ಇನ್ನೊಂದು, ಮೇಲಕ್ಕೆ ತೇಲುವ ಅಗ್ಗದ ಬಲೂನು. ಅದರಲ್ಲಿ ಹೀಲಿಯಂ ಬದಲು ಹೈಡ್ರೋಜನ್ ಇದ್ದರೆ ಒಂದು ಕಿಡಿ ಸಾಕು. ಬಾಯಲ್ಲಿ ಊದಿದ ಬಲೂನಿಗೆ ಈ ಗೊಡವೆ ಇಲ್ಲ. ಆದರೆ ಒಡೆದ ಚೂರುಗಳನ್ನು ಆಗಿಂದಾಗ ಹೆಕ್ಕಬೇಕು. ಎಂಟು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅದು ಅಂಟಿಕೊಂಡರೆ ತೆಗೆಯುವುದು ಕಷ್ಟ.

ಅಪಾಯ ಶೋ ಮುಗಿದ ಮೇಲೂ ಇರುತ್ತದೆ. ಮಕ್ಕಳು ನೋಡಿದ್ದನ್ನು ಮಾರನೇ ದಿನ ಮಾಡುತ್ತಾರೆ. ಅದಕ್ಕೆ ನನ್ನದೊಂದು ನಿಯಮ ಇದೆ. ಬಾಯಿ, ಮೂಗು, ಕಿವಿ, ಕುತ್ತಿಗೆ ಈ ನಾಲ್ಕರ ಹತ್ತಿರ ಚಿಕ್ಕ ಮಕ್ಕಳ ಮುಂದೆ ಯಾವ ಆಟವೂ ಇಲ್ಲ. ಕಿವಿಯಿಂದ ನಾಣ್ಯ ತೆಗೆಯುವುದು ಎಲ್ಲರಿಗೂ ಇಷ್ಟ, ಗೊತ್ತು. ಆದರೆ ಮೂರು ವರ್ಷದ ಮಗು ಅದರಿಂದ ಕಲಿಯುವುದು ಕಿವಿಯೊಳಗೆ ನಾಣ್ಯ ಹೋಗುತ್ತದೆ ಅಂತ. ಬಾಯಿಂದ ರಿಬ್ಬನ್ ಎಳೆಯುವುದು, ಸೂಜಿ ನುಂಗುವುದು, ಕುತ್ತಿಗೆಗೆ ಹಗ್ಗ ಸುತ್ತಿ ಎಳೆಯುವುದು, ಪೆಟ್ಟಿಗೆಯೊಳಗೆ ಮಗುವನ್ನು ಕೂರಿಸಿ ಮುಚ್ಚುವುದು ಇವನ್ನಂತೂ ಯೋಚಿಸಲೇಬೇಡಿ. ಲೋಟದ ನೀರು ಮಾಯ ಮಾಡಲು ಡೈಪರಿನ ಪುಡಿ ಹಾಕುವ ವಿಡಿಯೊ ನೀವು ನೋಡಿರಬಹುದು. ಅದು ನೀರು ಕುಡಿದು ಊದಿಕೊಳ್ಳುವ ವಸ್ತು. ಮಗು ಬಾಯಿಗೆ ಹಾಕಿಕೊಂಡರೆ ಫಜೀತಿ. ಬಿಡಿ.

ಎಲ್ಲಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು ಗುಂಡಿ ಸೆಲ್ ಬಗ್ಗೆ. ಬೆರಳ ತುದಿಯಲ್ಲಿ ಕೆಂಪು ದೀಪ ಹತ್ತಿಸುವ ಆಟ, ಮಿನುಗುವ ದಂಡ, ಹಾಡುವ ಕ್ಯಾಂಡಲ್ ಇವುಗಳಲ್ಲಿ ಬಿಲ್ಲೆಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗೆ ಸುಡಲು ಶುರುವಾಗುತ್ತದೆ. ಹೊರಗೆ ಏನೂ ಗೊತ್ತಾಗದೇ ಇರಬಹುದು. ಕೆಲವೊಮ್ಮೆ ಸ್ವಲ್ಪ ಜೊಲ್ಲು, ಊಟ ಬೇಡ ಅನ್ನುವುದು, ಅಷ್ಟೇ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಮಳೆಯಲ್ಲಿ ಆ ದಾರಿಗೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತು. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸಾಮಾನನ್ನು ಮನೆಯೊಳಗೆ ತರಬೇಡಿ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಮಲದಲ್ಲಿ ಬರುತ್ತದೆ ಅಂತ ಕಾಯಬೇಡಿ. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಕೊಳವೆ ಇಳಿಸಿ ಸೆಲ್ ಹೊರತೆಗೆಯುವ ಎಂಡೋಸ್ಕೋಪಿ ಎಲ್ಲಿ ಆಗುತ್ತದೆ ಅಂತ ಅವರನ್ನೇ ಕೇಳಿ, ಅಲ್ಲಿಗೆ ಹೊರಡಿ.

ಭಾವನವರ ಮೊಲ, ಪಾರಿವಾಳದ ಮಾತಿಗೆ ಚಿಕ್ಕ ಉತ್ತರ. ಪ್ರದರ್ಶನಕ್ಕೆ ಪ್ರಾಣಿ ಬಳಸಬೇಕಾದರೆ ನೋಂದಣಿ ಬೇಕು ಅಂತ 2001ರಿಂದ ನಿಯಮ ಇದೆ. ಗಿಳಿ, ಹಾವು ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಅಡ್ಡ ಬರುತ್ತದೆ. ಕಾನೂನು ಹಾಗಿರಲಿ, ಇಪ್ಪತ್ತೈದು ಮಕ್ಕಳು ಮುತ್ತಿಕೊಂಡರೆ ಮೊಲ ಪರಚುತ್ತದೆ, ಇಲ್ಲವೇ ಪಾಪ ನಡುಗುತ್ತದೆ. ಕೈಗೆ ಹಾಕಿಕೊಳ್ಳುವ ಬಟ್ಟೆಯ ಮೊಲ ಸಾಕು. ನಾಲ್ಕು ವರ್ಷದವರಿಗೆ ಅದೂ ಜೀವಂತವೇ.

ಅಮ್ಮನವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಾಲದ ಗಾರುಡಿಗರು ನೆಲದ ಮೇಲೆ ಗೆರೆ ಎಳೆದು, ತಲೆಬುರುಡೆ ಇಟ್ಟು, ‘ರಕ್ತ ಕಾರಿ ಸಾಯ್ತೀಯ’ ಅಂತ ಹೆದರಿಸಿ ಕಾಸು ಕೇಳುತ್ತಿದ್ದರು. ಅವರ ಮನಸ್ಸಿನಲ್ಲಿರುವ ಯಕ್ಷಿಣಿ ಅದು. ಕೈಚಳಕವನ್ನು ಮಾಟ ಅಂದುಕೊಳ್ಳುವುದು ನಮ್ಮ ಊರಿನದಷ್ಟೇ ಕತೆಯೂ ಅಲ್ಲ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಎಂಬಾತ ಇದು ಮಾಟವಲ್ಲ, ಕೈಚಳಕ ಅಂತ ತೋರಿಸಲಿಕ್ಕೇ ಜಾದೂಗಳ ಗುಟ್ಟನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ನೀವು ಅಷ್ಟು ದೂರ ಹೋಗುವುದು ಬೇಡ. ಒಂದು ಮಧ್ಯಾಹ್ನ ಅಮ್ಮನಿಗೆ ಬೆನ್ನ ಹಿಂದಿನ ಕರ್ಚೀಫಿನ ಆಟ ಮಾಡಿ ತೋರಿಸಿ. ಹಾಗೇ, ನಿಂಬೆಹಣ್ಣು, ಕುಂಕುಮ, ಮೊಟ್ಟೆ, ಗೊಂಬೆಗೆ ಸೂಜಿ ಚುಚ್ಚುವ ಆಟ ಇವನ್ನೆಲ್ಲ ಪಟ್ಟಿಯಿಂದ ತೆಗೆಯಿರಿ. ನಿಂಬೆಹಣ್ಣು ಕೊಯ್ದರೆ ಒಳಗೆ ನೋಟು ಬರುವ ಆಟ ಒಳ್ಳೆಯದೇ. ಆದರೆ ನಮ್ಮ ಕಡೆ ಹುಟ್ಟುಹಬ್ಬದ ಮನೆಯಲ್ಲಿ ಕೊಯ್ದ ನಿಂಬೆಹಣ್ಣು ಉರುಳಿದರೆ ಅಜ್ಜಿಯರ ರಾತ್ರಿ ನಿದ್ದೆ ಹೋಗುತ್ತದೆ.

ಯಾವ ಆಟ ಅಂತ ಕೇಳಿದ್ದೀರಿ. ಜಾದೂ ಸಾಮಾನಿನವರು ಮಾರುವ ಒಂದು ಕಲರಿಂಗ್ ಬುಕ್ ಕೊಳ್ಳಿ. ಹಾಳೆ ತಿರುಗಿಸಿದರೆ ಖಾಲಿ, ಮತ್ತೆ ತಿರುಗಿಸಿದರೆ ಗೆರೆಯ ಚಿತ್ರ, ಮೂರನೇ ಸಲ ಪೂರ್ತಿ ಬಣ್ಣ. ಇದರ ಮೂಲ ಆಟ ಆ ಸ್ಕಾಟನ ಪುಸ್ತಕದಲ್ಲೇ ಇದೆ. ಗುಟ್ಟು ಇಲ್ಲಿ ಹೇಳುವುದಿಲ್ಲ, ಕೊಂಡರೆ ಜೊತೆಯಲ್ಲೇ ಬರುತ್ತದೆ. ಮಾಡುವ ರೀತಿ ಮಾತ್ರ ಹೇಳುತ್ತೇನೆ. ‘ಬಣ್ಣ ಎಲ್ಲಿಂದ ತರೋಣ?’ ಅಂತ ಕೇಳಿ. ಒಬ್ಬಳ ಹಸಿರು ಲಂಗ, ಒಬ್ಬನ ಹಳದಿ ಅಂಗಿ. ಮುಟ್ಟಿ, ಹಿಡಿ ತುಂಬಿಕೊಂಡು ಪುಸ್ತಕಕ್ಕೆ ಎಸೆಯಲು ಹೇಳಿ. ಒಬ್ಬೊಬ್ಬರೂ ತಮ್ಮ ಬಣ್ಣ ಎಸೆದಿರುತ್ತಾರೆ. ಹಾಳೆ ತಿರುಗಿದಾಗ ಅದು ನಿಮ್ಮ ಜಾದೂ ಅಲ್ಲ, ಅವರದು.

ಎರಡನೆಯದು ಜಾದೂ ತಂಬಿಗೆ. ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸೊರ್ಕಾರ್ ‘ವಾಟರ್ ಆಫ್ ಇಂಡಿಯಾ’ ಅಂತ ಮಾಡುತ್ತಿದ್ದ ಆಟ. ನೀರನ್ನು ಪೂರ್ತಿ ಸುರಿದು ಖಾಲಿ ಮಾಡುತ್ತೀರಿ. ಇನ್ನೊಂದು ಆಟ ಮುಗಿಸಿ ನೋಡಿದರೆ ಮತ್ತೆ ನೀರು. ಶೋ ಉದ್ದಕ್ಕೂ ನಡುನಡುವೆ ಬರುತ್ತಿರಬೇಕು. ಎರಡನೇ ಸಲದ ಹೊತ್ತಿಗೆ ನೀವು ಮರೆತರೂ ಮಕ್ಕಳೇ ‘ತಂಬಿಗೆ!’ ಅಂತ ನೆನಪಿಸುತ್ತಾರೆ. ಜುಲೈ ತಿಂಗಳ ಸಾಗರದಲ್ಲಿ ನೀರಿಗೇನು ಬರ ಅಂತ ದೊಡ್ಡವರು ನಗುತ್ತಾರೆ, ನಗಲಿ. ಬಕೆಟ್ಟಿಗೇ ಸುರಿಯಿರಿ, ರೆಡ್ ಆಕ್ಸೈಡ್ ನೆಲವಾದರೆ ಜಾರುತ್ತದೆ. ಮುರಿದು ಬೀಳುವ ದಂಡ, ಬರೀ ಚೀಲದಿಂದ ಬರುವ ಬಣ್ಣದ ಬಟ್ಟೆಗಳು ಇವೂ ಆಗಬಹುದು. ಮೂರು ಕರಟದ ಆಟ ಮಾಡುವ ಮನಸ್ಸಿದ್ದರೆ ಅಡಿಕೆ ಬೇಡ, ಅದು ನೇರ ಗಂಟಲಿಗೆ ಹೋಗುವ ಅಳತೆ. ದೊಡ್ಡ ಉಲ್ಲನ್ ಉಂಡೆ ಇಡಿ. ಒಟ್ಟು ಐದು ಆಟ ದಂಡಿಯಾಯಿತು. ಇಪ್ಪತ್ತು ನಿಮಿಷ. ಇಪ್ಪತ್ತೈದರ ಮೇಲೆ ಒಂದು ನಿಮಿಷವೂ ಬೇಡ.

ಸಮಯ ಸಂಜೆ ಐದರೊಳಗೆ ಇರಲಿ. ಕೇಕ್ ಶೋ ಆದಮೇಲೆ. ಕೇಕ್ ಮೊದಲಾದರೆ ಕೈಯೆಲ್ಲ ಕ್ರೀಮು, ಗಮನವೆಲ್ಲ ತಟ್ಟೆಯ ಕಡೆ. ಏಳೂವರೆಗೆ ಎಲ್ಲ ನೆಂಟರೂ ಬಂದಮೇಲೆ ಅಂತ ಕಾದರೆ ಅಷ್ಟರಲ್ಲಿ ಮಕ್ಕಳಿಗೆ ನಿದ್ದೆ, ಹಸಿವು. ಆಗ ಯಾರೇ ಶೋ ಮಾಡಿದರೂ ಅಳು ತಪ್ಪಿದ್ದಲ್ಲ. ಅಂಗಳದ ತಗಡಿನ ಕೆಳಗೆ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಜೋರು ಮಳೆ ಬಂತೆಂದರೆ ತಗಡಿನ ಸದ್ದಿಗೆ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ. ಜಗುಲಿಯಲ್ಲಿ ಗೋಡೆಗೆ ಬೆನ್ನು ಹಾಕಿ ನಿಲ್ಲಿ. ನೆಲದ ಮೇಲೆ ಒಂದು ಹಗ್ಗ ಹಾಸಿ, ಅದರ ಆಚೆ ಜಮಖಾನ. ಹಗ್ಗ ಇಲ್ಲದಿದ್ದರೆ ಮಕ್ಕಳು ಕೂತಲ್ಲೇ ಸರಿಸರಿದು ಐದು ನಿಮಿಷದಲ್ಲಿ ನಿಮ್ಮ ಮೇಜಿನಡಿ ಇರುತ್ತಾರೆ. ಕರೆಂಟು ನಂಬಬೇಡಿ, ಚಾರ್ಜ್ ಮಾಡಿದ ದೀಪ ಇರಲಿ. ತೀರಾ ಚಿಕ್ಕವರು ಅಮ್ಮಂದಿರ ತೊಡೆಯ ಮೇಲೆ, ಹಿಂದೆ. ‘ನಂಗೆ ಎಲ್ಲಾ ಗೊತ್ತು’ ಅನ್ನುವ ಹತ್ತು ವರ್ಷದ ಪೋರ ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಶೋಗೆ ಮೊದಲೇ ಪಕ್ಕಕ್ಕೆ ಕರೆದು, ಹಾಡು ಹಾಕುವ ಕೆಲಸ ಕೊಡಿ. ಕೆಲಸ ಸಿಕ್ಕಿದವನು ಗುಟ್ಟು ಬಿಡುವುದಿಲ್ಲ.

ಕರೆಸುವುದೂ ತಪ್ಪಲ್ಲ. ಅಭ್ಯಾಸಕ್ಕೆ ಪುರುಸೊತ್ತಿಲ್ಲದಿದ್ದರೆ ಅದೇ ಮೇಲು. ನಿಮ್ಮ ಕೈ ಬಿಡುವಾಗಿ ಮಗಳ ಜೊತೆ ಕೂತು ನೋಡಬಹುದು. ತೊಂದರೆ ಏನೆಂದರೆ, ಕಾಲೇಜು, ಜಾತ್ರೆಗಳಲ್ಲಿ ಮಾಡುವ ಶೋವನ್ನೇ ಕೆಲವರು ಹುಟ್ಟುಹಬ್ಬಕ್ಕೂ ತರುತ್ತಾರೆ. ಮುಂಗಡ ಕೊಡುವ ಮೊದಲು ‘ನಾಲ್ಕು ವರ್ಷದ ಮಕ್ಕಳಿಗೆ ಏನು ಮಾಡುತ್ತೀರಿ?’ ಅಂತ ಕೇಳಿ. ‘ಎಲ್ಲರಿಗೂ ಒಂದೇ ಸರ್’ ಅಂದರೆ ಬೇರೆಯವರನ್ನು ನೋಡಿ. ಬೆಂಕಿ, ಹಾವು, ಪ್ರಾಣಿ ಬೇಡ ಅಂತ ಬಾಯಲ್ಲಿ ಹೇಳುವುದರ ಜೊತೆಗೆ ವಾಟ್ಸಾಪಿನಲ್ಲಿ ಬರೆದೂ ಹಾಕಿ. ಮಕ್ಕಳನ್ನು ಗೇಲಿ ಮಾಡಿ ನಗಿಸುವವರಾದರೆ ಅವರ ಹಳೆಯ ವಿಡಿಯೊದಲ್ಲೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ನಿಮಗೆ ಇನ್ನೂ ವಾರಗಳ ಸಮಯ ಇದೆ, ಆಸೆಯೂ ಇದೆ. ನೀವೇ ಮಾಡಿ. ಕನ್ನಡಿ ಮುಂದೆ ಅಲ್ಲ, ಫೋನನ್ನು ನೆಲದ ಮೇಲೆ ಒರಗಿಸಿಟ್ಟು ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿ. ಮಕ್ಕಳಿಗೆ ಕಾಣುವುದು ಆ ಎತ್ತರದಿಂದಲೇ.

ಗುಟ್ಟು ಹೇಳಬೇಕಾ? ‘ಅಪ್ಪಾ, ಅದು ನಿಜಾನಾ?’ ಅಂತ ಕೇಳಿದರೆ ‘ಆಟ ಪುಟ್ಟಿ, ಅಪ್ಪ ಕಲಿತ ಆಟ’ ಅನ್ನಿ. ಶಕ್ತಿ ಇದೆ ಅಂತ ಸುಳ್ಳು ಬೇಡ. ‘ಹೇಗೆ ಮಾಡಿದೆ?’ ಅಂತ ಕೇಳಿದರೆ ‘ನೀನೇ ಹೇಳು ನೋಡೋಣ’ ಅಂತ ಚೆಂಡನ್ನು ಅವಳ ಕಡೆಗೇ ತಳ್ಳಿ. ಅವಳು ಹೇಳುವ ಕಾರಣಗಳು ನಿಮ್ಮ ಟ್ರಿಕ್ಕಿಗಿಂತ ಚೆನ್ನಾಗಿರುತ್ತವೆ. ಬಟ್ಟೆ ಕ್ಲಿಪ್ಪಿನ ಆಟವನ್ನು ಮಾತ್ರ ಮಾರನೇ ದಿನ ಕಲಿಸಿಕೊಡಿ, ಅಜ್ಜಿಗೆ ಮಾಡಿ ತೋರಿಸಲಿ. ಉಳಿದ ಸಾಮಾನು ಶೋ ಮುಗಿದ ತಕ್ಷಣ, ಕೇಕ್ ಕತ್ತರಿಸುವುದಕ್ಕೂ ಮೊದಲು ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿ. ಮೇಜಿನ ಮೇಲೆ ಬಿಟ್ಟರೆ ಹಾಡು ಹಾಕಿದ ಆ ಪೋರ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಬಿಚ್ಚಿರುತ್ತಾನೆ.